ಮಂಚು ಎಂದರೆ ಮಂಚವಲ್ಲ

ಚಮಚ ಹಲ್ಲಿಗೆ ತಾಕಿತು, ತಣ್ಣಗೆ, ರಸ ಗಲ್ಲಕ್ಕಿಳಿಯಿತು, ಅಪ್ಪಾ, ಇನ್ನೊಂದೇ ತುತ್ತು, ಬೇನಿಷಾ ಮಾವು ಕಣಪ್ಪಾ, ನಮ್ಮ ತೋಟದ್ದೇ, ಎನ್ನುತ್ತಿದ್ದಾಳೆ ಮಗಳು ಶಿರೀಷಾ, ಹಾಲುಗೂಸಿಗೆ ತಿನ್ನಿಸುವ ದನಿಯಲ್ಲಿ, ಅಶ್ವತ್ಥಪ್ಪ ಮೇಷ್ಟರಿಗೆ ನಗು ಬಂತು, ಒಳಗೇ ಬಂತು, ಮುಖದವರೆಗೆ ಬರಲಿಲ್ಲ, ಯುಗಾದಿ ಹೊತ್ತಿಗೆ ಲಕ್ವ ಹೊಡೆದಾಗಿನಿಂದ ಅರ್ಧ ಮುಖ ಅವರದಲ್ಲ, ಬಲಗೈ ಅವರದಲ್ಲ, ಮಾತು — ಮಾತೆಲ್ಲ ಇದೆ, ಒಂದೂ ಕಳೆದಿಲ್ಲ, ಹಿಮದ ಕೆಳಗೆ ಸಮುದ್ರ ಇರುವ ಹಾಗೆ ಇದೆ, ಮೇಲೆ ಬರಲು ದಾರಿಯಿಲ್ಲ ಅಷ್ಟೆ. ಆಸ್ಪತ್ರೆಯಲ್ಲಿ ಡಾಕ್ಟರು ಹೆಂಡತಿ ಶಾಮಲಮ್ಮನಿಗೆ ಹೇಳಿದ್ದು ಇವರೆದುರಿಗೇ, ಇವರೊಂದು ಗೋಡೆ ಎಂಬಂತೆ, ಮೊದಲು ಕಲಿತ ಭಾಷೆ ಒಂದೊಂದ್ಸಲ ಮೊದಲು ವಾಪಸ್ ಬರುತ್ತಮ್ಮಾ, ಕಾಯ್ಬೇಕು. ಮೊದಲು ಕಲಿತದ್ದು ಅಮ್ಮನ ತೆಲುಗು, ಆಮೇಲೆ ಶ್ರೀನಿವಾಸಪುರದ ಸ್ಕೂಲಿನಲ್ಲಿ ಹೇಳಿಕೊಟ್ಟ ವಿಜ್ಞಾನವೆಲ್ಲ ಕನ್ನಡದಲ್ಲಿ, ಶನಿಗ್ರಹಕ್ಕೊಂದು ಪುಟ್ಟ ಬಿಳಿ ಚಂದ್ರ ಇದೆ ಮಕ್ಕಳೇ, ಎನ್ಸೆಲಾಡಸ್, ಮೇಲೆಲ್ಲ ಹಿಮ, ಒಳಗೆ ಉಪ್ಪು ನೀರಿನ ಸಮುದ್ರ, ಹೆಪ್ಪುಗಟ್ಟಬೇಕಿತ್ತು, ಕಟ್ಟಿಲ್ಲ, ಯಾಕೆ, ಶನಿ ಅದನ್ನ ಎಳೆಯುತ್ತೆ, ಸಡಿಲ ಬಿಡುತ್ತೆ, ಎಳೆಯುತ್ತೆ, ಹಿಟ್ಟು ನಾದಿದ ಹಾಗೆ, ನಾದಿ ನಾದಿ ಒಳಗು ಬೆಚ್ಚಗಿರುತ್ತೆ.

ಒಳಗು ಬೆಚ್ಚಗಿದೆ, ಅದನ್ನು ಯಾರಿಗೆ ಹೇಳುವುದು. ನಿನ್ನೆ ಅಡುಗೆಮನೆಯಲ್ಲಿ ತಾಯಿ ಮಗಳು ಮಾತಾಡಿದ್ದು ಗೋಡೆಗೆ ಕೇಳಿಸಿದೆ, ಅಹಮದಾಬಾದಿನಲ್ಲಿ ಸಂಶೋಧನೆಗೆ ಸೀಟು ಸಿಕ್ಕಿದೆ ಶಿರೀಷಾಳಿಗೆ, ಅದೂ ಹಿಮದ ಚಂದ್ರಗಳ ಮೇಲೇ, ಬರ್ತೀನೋ ಇಲ್ಲವೋ ಇವತ್ತು ಸಂಜೆಯೊಳಗೆ ತಿಳಿಸಬೇಕು, ಹೋಗು ಮಗಳೇ ಎನ್ನಬೇಕು, ಎರಡೇ ಮಾತು, ಬೆಳಗಿನಿಂದ ಮೇಷ್ಟರು ತುಟಿಗೆ ತಳ್ಳುತ್ತಿದ್ದಾರೆ, ಹೋ ಎನ್ನುವುದೇ ಬರುವುದಿಲ್ಲ, ಹಿಮ ಎಂದರಾದರೂ ಅವಳಿಗೆ ತಿಳಿದೀತು ಎಂದರೆ ಅದೂ ಇಲ್ಲ, ಕೊನೆಗೆ ಆಳದಿಂದ ಅಮ್ಮನ ಮಾತೇ ಎದ್ದು ಬಂತು, ಮಂಚು, ಹಿಮಕ್ಕೆ ಅಮ್ಮ ಅನ್ನುತ್ತಿದ್ದದ್ದು ಮಂಚು, ಆದರೆ ಸೊಟ್ಟ ತುಟಿ ಕೊನೆಯ ಸ್ವರವನ್ನು ನುಂಗಿಬಿಟ್ಟಿತು, ಮಂಚ ಅಂತಿದಾರೆ ಕಣೇ, ಮಲಗ್ಬೇಕಂತೆ ಪಾಪ, ಅಂದಳು ಶಾಮಲಮ್ಮ, ಎರಡೂ ಕಣ್ಣು ತುಂಬಿಕೊಂಡು, ಮಾತು ಬಂತಲ್ಲ ದೇವ್ರೇ, ಲೇ ರಾಮು, ಬಾರೋ, ಒಂದ್ ಕೈ ಹಿಡಿ. ಪಕ್ಕದ ಮನೆಯ ರಾಮು, ಹಳೇ ಶಿಷ್ಯ, ಎರಡು ಮಕ್ಕಳ ತಂದೆ, ಕುರ್ಚಿಯಿಂದ ಎತ್ತುತ್ತಾ ಅಂದ, ಮೇಷ್ಟ್ರೇ, ಅವತ್ತು ನನ್ನ ಬೆಂಚ್ ಮೇಲೆ ನಿಲ್ಲಿಸ್ತಿದ್ರಿ, ಇವತ್ತು ನಿಮ್ಮನ್ನ ಮಂಚದ ಮೇಲೆ ಮಲಗಿಸ್ತೀನಿ, ಲೆಕ್ಕ ಚುಕ್ತಾ. ನಗು ಬಂತು, ಒಳಗೇ ಬಂತು. ಕೇಳಿದ್ದು ಮಂಚು, ಸಿಕ್ಕಿದ್ದು ಮಂಚ.

ಈಗ ಮಂಚದಿಂದ ಕಾಣುವುದು ಶಿರೀಷಾಳ ಎಡಗೆನ್ನೆ, ಅದರ ಮೇಲೆ ಕಪ್ಪು ಕಲೆ, ಮಾವಿನ ಸೊನೆ ಸುಟ್ಟದ್ದು, ಆಗಿನ್ನೂ ಚಿಕ್ಕವಳು, ತೋಟ, ಕೆಳಗಿನ ಕೊಂಬೆಯ ಕಾಯಿ ತಿರುಚುತ್ತಾಳೆ, ತೊಟ್ಟು ಮುರೀಬೇಡ ಕಣೇ ಎನ್ನುವಷ್ಟರಲ್ಲಿ ಮುರಿದೇಬಿಟ್ಟಳು, ಚಿಲ್ಲೆಂದು ಹಾರಿತು ಸೊನೆ, ಎಳೆಯಾಗಿ, ಬಿಸಿಲಲ್ಲಿ ಹೊಳೆಯುತ್ತ, ಅಳು, ಅಳು ನಿಲ್ಲಿಸಲು ಎತ್ತಿಕೊಂಡು ಹೇಳಿದ್ದು, ಅಳಬೇಡ, ಆ ಬಿಳಿ ಚಂದ್ರನಿಂದಲೂ ಹಿಂಗೇ ಚಿಮ್ಮುತ್ತೆ, ದಕ್ಷಿಣದಲ್ಲಿ ಹಿಮ ಬಿರುಕು ಬಿಟ್ಟಿದೆ, ಒಳಗಿನ ಸಮುದ್ರ ಆಕಾಶಕ್ಕೇ ಹಾರುತ್ತೆ, ಒಂದು ನೌಕೆ ಅದರೊಳಗೇ ಹಾದುಹೋಗಿ ಉಪ್ಪಿದೆ ಅಂತ ಕಂಡುಹಿಡೀತು, ಅವಳು ಬಿಕ್ಕುತ್ತ, ಅಲ್ಲಿ ತೊಟ್ಟು ಮುರಿದೋರು ಯಾರಪ್ಪಾ? ಅವತ್ತು ಬರೀ ನಕ್ಕದ್ದು, ಉತ್ತರ ಅವಳೇ ಹುಡುಕಲಿ ಎಂದು, ಅವಳು ಹುಡುಕುತ್ತಲೇ ಬೆಳೆದಳು, ಈಗ ಚಮಚ ಹಿಡಿದು ಕೂತಿದ್ದಾಳೆ. ಅಪ್ಪಾ, ಇಲ್ನೋಡು, ಬರಲ್ಲ ಅಂತ ಅವ್ರಿಗೆ ಹೇಳ್ಬಿಡ್ತೀನಿ, ಎಲ್ಲೂ ಹೋಗಲ್ಲ ನಾನು, ನಿನ್ನ ಹತ್ರಾನೇ ಇರ್ತೀನಿ, ಆಯ್ತಾ? ಚಮಚ ತುಟಿಗೆ ಬಂತು. ಆಳದಲ್ಲಿ ಏನೋ ನಾದಿತು, ಎಳೆಯಿತು, ಸಡಿಲ ಬಿಟ್ಟಿತು, ಎಳೆಯಿತು, ಬಿರುಕು ಸಣ್ಣದು, ಇಡೀ ಸಮುದ್ರ ಅದರಲ್ಲಿ ಹಿಡಿಸುವುದಿಲ್ಲ, ಹಿಡಿಸಿದ್ದು ಅಮ್ಮನ ಒಂದೇ ಮಾತು, ವದ್ದು. ಬೇಡ. ಹಣ್ಣು ಸಾಕಂತೆ, ತೆಗ್ದಿಡೇ, ಅಂದಳು ಶಾಮಲಮ್ಮ, ಹಣ್ಣಲ್ಲ, ಹಣ್ಣಲ್ಲ, ಮಗಳ ಕೈ ಗಾಳಿಯಲ್ಲೇ ನಿಂತಿದೆ, ಕಲೆಯ ಮೇಲೆ ಒಂದು ಹನಿ ಇಳಿಯುತ್ತಿದೆ, ಇರ್ತೀನಪ್ಪಾ, ಎಂದಳು ಮತ್ತೆ, ಮೆಲ್ಲಗೆ, ಬಿಸಿಲು, ಮುರಿದ ತೊಟ್ಟು, ಚಿಮ್ಮುವ ಬಿಳಿ ಎಳೆ —

ವದ್ದು.