ಗಾಯಕ್ಕೆ ಮೊಟ್ಟೆ

ಕುರಿಮರಿಗಳಿಗೆ ಸೊಪ್ಪು ಕಡಿಯುವಾಗ ಸಣ್ಣಬೀರಪ್ಪನ ತೊಡೆಗೆ ಕುಡುಗೋಲು ತಾಗಿತ್ತು. ಗಾಯ ಕೀವಾಗಿ, ನಂಜು ಮೈಗೆಲ್ಲ ಏರಿ, ಶಿಕಾರಿಪುರದ ಆಸ್ಪತ್ರೆಗೆ ತಂದಾಗ ಅವನಿಗೆ ಹೆಂಡತಿಯ ಗುರುತೂ ಹತ್ತಲಿಲ್ಲ. ಡಾಕ್ಟರು ಮೂಗಿನಿಂದ ಹೊಟ್ಟೆಗೆ ಸಣ್ಣ ನಳಿಗೆ ಇಳಿಸಿ, ಅದರಲ್ಲಿ ಹಾಲು, ಬೇಳೆಕಟ್ಟು, ಬೇಯಿಸಿ ಅರೆದು ಸೋಸಿದ ಮೊಟ್ಟೆ ಹಾಕಬೇಕೆಂದರು. ಕಲಸಿ ತರುವುದು ಹೆಂಡತಿ ವರದಮ್ಮನ ಪಾಲಿಗೆ, ನಳಿಗೆಗೆ ಬಿಡುವುದು ನರ್ಸ್ ಚೌಡೇಶ್ವರಿಯ ಪಾಲಿಗೆ ಬಂತು.

ವರದಮ್ಮ ಎಲ್ಲದಕ್ಕೂ ತಲೆಯಾಡಿಸಿದಳು. ಆದರೆ ತಾಳಗುಂದದ ಅವರ ಮನೆಯಲ್ಲಿ ಗಾಯವಾದವರಿಗೆ ಮೊಟ್ಟೆ, ಬೇಳೆ ಮುಟ್ಟಿಸಿದವರೇ ಇಲ್ಲ. ಅವೆಲ್ಲ ನಂಜು, ಕೀವು ಹೆಚ್ಚಿಸುವಂಥವು. ಕೈಯಾರೆ ಗಂಡನಿಗೆ ನಂಜು ಉಣಿಸುವುದುಂಟೇ? ಆಸ್ಪತ್ರೆಯ ಹಿಂದಿನ ಒಲೆಯಲ್ಲಿ ಗಂಜಿ ಕಾಯಿಸಿ, ತಿಳಿ ಬಸಿದು, ಬಣ್ಣಕ್ಕಿರಲೆಂದು ಒಂದಿಷ್ಟು ಹಾಲು ಬೆರೆಸಿ ತರುತ್ತಿದ್ದಳು. ಮನೆಯಿಂದ ತಂದ ಮೊಟ್ಟೆಗಳು ಮಂಚದಡಿಯ ಪುಟ್ಟಿಯಲ್ಲೇ ಉಳಿದವು.

ಇಂಜೆಕ್ಷನ್ ತಪ್ಪದೆ ನಡೆದಿತ್ತು. ಆದರೂ ಗಾಯ ಬಿಳಿಚಿಕೊಂಡೇ ಇತ್ತು, ಮೈ ಇಳಿಯುತ್ತಲೇ ಇತ್ತು. ಒಂದು ಬೆಳಿಗ್ಗೆ ಚೌಡೇಶ್ವರಿ ನಳಿಗೆಗೆ ಬಿಡುವ ದಪ್ಪ ಗಾಜಿನ ಸಿರಿಂಜು ತುಂಬಿ, ಎತ್ತಿ ಬೆಳಕಿಗೆ ಹಿಡಿದಳು.

“ಇದ್ರಾಗೆ ಮೊಟ್ಟೆ ಎಲ್ಲೈತ್ರೀ ವರದಮ್ಮಾರೇ? ಪಾತ್ರೆ ತೊಳ್ದ ನೀರಿದ್ದಂಗೈತಲ್ಲ.”

ವರದಮ್ಮ ಸೆರಗು ಹಿಂಡಿದಳು. “ನಂಜಲ್ವೇನ್ರೀ ಅಕ್ಕಾರೆ? ಗಾಯ ಮಾಗ್ಲಿ, ಆಮೇಲೆ ಹಾಕೋಣ.”

“ಮಾಗಾಕೆ ಮೈಯಾಗೆ ಏನಾರ ಇರ್ಬೇಕಲ್ಲ. ನಿಮ್ ಕುರಿ ಕಾಯ್ಲೆ ಬಿದ್ದು ಮೇವು ಬಿಟ್ರೆ ಏನ್ಮಾಡ್ತೀರಿ?”

“ಬಿದಿರಿನ ಗೊಟ್ಟ ಬಾಯಿಗಿಟ್ಟು ಅಂಬಲಿ ಹುಯ್ತೀವಿ.”

“ತಿಳೀದೋ, ಗಟ್ಟೀದೋ?”

“ತಿಳಿ ಹುಯ್ದ್ರೆ ಕುರಿ ಎದ್ದೇಳುತ್ತೇನ್ರೀ? ಬೆಲ್ಲ ಹಾಕಿ ಗಟ್ಟಿಗೇ…”

“ನಿಮ್ ಮನ್ಯಾಗೆ ಕುರೀಗಿರೋ ಮರ್ಯಾದೆ ಗಂಡಂಗಿಲ್ಲ ಬಿಡ್ರಿ,” ಎಂದಳು ಚೌಡೇಶ್ವರಿ. “ನಂಜಿನ ಕೂಡ ಒಳಗೆ ಕಾದಾಡ್ತಾ ಅದಾರೆ. ಬರೇ ತಿಳಿ ಕುಡ್ದು ಎಷ್ಟಂತ ತಡೀತಾರೆ?”

ವರದಮ್ಮ ಗಂಡನ ಎದ್ದು ಕಾಣುತ್ತಿದ್ದ ಪಕ್ಕೆಲುಬು ನೋಡಿದಳು. ಮಧ್ಯಾಹ್ನ ಸೊಸೆ ಸುಮಾ ತಾಜಾ ಮೊಟ್ಟೆ ತಂದಾಗ ಬೇಯಿಸಿ, ಹಾಲಿನಲ್ಲಿ ನುಣ್ಣಗೆ ಅರೆದು, ಸೋಸಿ ಕೊಟ್ಟಳು. “ಹೆಚ್ಚುಕಮ್ಮಿ ಆದ್ರೆ ನಿಮ್ ಮೇಲೆ, ಅಕ್ಕಾರೆ,” ಎಂದು ಹೇಳುವುದನ್ನು ಮಾತ್ರ ಬಿಡಲಿಲ್ಲ.

ಪಟ್ಟಿ ಬಿಚ್ಚಿದಾಗಲೆಲ್ಲ ಕೀವು ಹೆಚ್ಚಿತೇ ಎಂದು ಬಗ್ಗಿ ನೋಡುತ್ತಿದ್ದಳು. ಕೀವು ಬತ್ತುತ್ತ ಬಂತು. ತಳದಲ್ಲಿ ಕೆಂಪು ಮಾಂಸ ಚಿಗುರಿತು. ಜ್ವರ ಬಿಟ್ಟಿತು. ನಳಿಗೆ ತೆಗೆದ ದಿನ ಸಣ್ಣಬೀರಪ್ಪ ದಿಂಬಿಗೆ ಒರಗಿ ಕೇಳಿದ, “ಮೂಗಿನಾಗೆ ಏನ್ ಹುಯ್ದ್ರೇ ನಂಗೆ?”

“ಮೊಟ್ಟೆ.”

“ಗಾಯಕ್ಕೆ ಮೊಟ್ಟೆನಾ? ಕೊಲ್ಬೇಕಂತ ಮಾಡಿದ್ಯೇನೆ?”

“ಬಾಯಿ ತೆಗೀರಿ ಸುಮ್ನೆ,” ಎಂದು ವರದಮ್ಮ ಬೆಂದ ಮೊಟ್ಟೆ ಚೂರುಮಾಡಿ ಬಾಯಿಗಿಟ್ಟಳು.

ಅವನು ಅವಳನ್ನೇ ದುರುಗುಟ್ಟಿ ನೋಡುತ್ತ ನಿಧಾನವಾಗಿ ಅಗಿದು ನುಂಗಿದ. ಆಮೇಲೆ ಕೇಳಿದ, “ಉಪ್ಪು ತಂದಿಲ್ಲೇನೆ?”