ಅತ್ತೆಯ ಹೆಸರಿನಲ್ಲಿದ್ದ ಕಾರ್ಖಾನೆ

ಅನಾರ್ಕಾನ್ ನನ್ನ ಅಡುಗೆಮನೆಯಲ್ಲಿ ಕೂತು, ತೀರಿಹೋದ ತನ್ನ ಅತ್ತೆಯ ಸಹಿ ಹಾಕಿಕೊಡಿ ಎಂದು ನನ್ನ ಕೈ ಹಿಡಿದುಕೊಂಡಳು.

“ಹಿಂದಿನ ತಾರೀಕು ಹಾಕಿ, ಮಷೀನುಗಳನ್ನ ನನಗೆ ಮಾರಿದ ಹಾಗೆ ಒಂದು ಕಾಗದ ಅಕ್ಕ. ಅಮ್ಮನ ಸಹಿ ಹೇಗಿರತ್ತೆ ಅಂತ ನಿಮಗೆ ಗೊತ್ತಲ್ವಾ?”

“ಗೊತ್ತು. ಹಾಕಿದ್ರೆ ಇಬ್ಬರೂ ಜೈಲಲ್ಲಿ ಕೂತು ಗುಂಡಿ ಹೊಲೀತೀವಿ, ಅಷ್ಟೆ.”

ಅವಳು ನಗಲಿಲ್ಲ.

ಬಿಷ್ಕೆಕ್ ನಗರದ ಅಂಚಿನಲ್ಲಿ ಅವಳದರಂಥ ಹನ್ನೊಂದು ಸಣ್ಣ ಹೊಲಿಗೆ ಕಾರ್ಖಾನೆಗಳ ಲೆಕ್ಕ ನೋಡುತ್ತೇನೆ. ಯಾರ ನೌಕರಿಯಲ್ಲೂ ಇಲ್ಲ. ತಿಂಗಳಿಗೊಮ್ಮೆ ಹೋಗಿ, ಚಹಾ ಕುಡಿದು, ಚೀಟಿಗಳನ್ನು ಚೀಲಕ್ಕೆ ತುಂಬಿಕೊಂಡು ಬರುತ್ತೇನೆ. ಲೆಕ್ಕಕ್ಕಿಂತ ಹೆಚ್ಚಾಗಿ ಅವರಿಗೆ ನನ್ನಿಂದ ಬೇಕಾದದ್ದು ಸಲಹೆ. ಕಾರ್ಖಾನೆ ಪಿಂಚಣಿ ಪಡೆಯುವವರ ಹೆಸರಲ್ಲಿದ್ದರೆ ವಿಮೆಯ ಕಂತು ಉಳಿಯುತ್ತದೆ, ಅತ್ತೆಯ ಹೆಸರಿಗೆ ಮಾಡಿಸು ಎಂದು ಏಳು ವರ್ಷದ ಹಿಂದೆ ಹೇಳಿದವಳು ನಾನೇ. ಒಂಬತ್ತು ಮಷೀನು, ಅಂಗಳದ ಶೆಡ್ಡು, ಬ್ಯಾಂಕಿನ ಖಾತೆ ಎಲ್ಲ ಅವಳ ಅತ್ತೆ ಬಾತ್ಮಾ ಅಜ್ಜಿಯದಾದವು. ಅಜ್ಜಿ ಒಂದು ದಾರವನ್ನೂ ಮುಟ್ಟಿದವಳಲ್ಲ. ಆದರೆ ಸೊಸೆ ಬರುವವರೆಗೂ ಊಟಕ್ಕೆ ಕೂರುತ್ತಿರಲಿಲ್ಲ. ಗಂಡ ತೀರಿಹೋದ, ಮಕ್ಕಳಿಲ್ಲದ ಸೊಸೆ.

ಅಜ್ಜಿ ಹಾಸಿಗೆ ಹಿಡಿದಾಗ ಎಲ್ಲ ನಿನ್ನ ಹೆಸರಿಗೆ ಮಾಡಿಸಿಕೋ ಎಂದು ಅನಾರ್ಕಾನ್‌ಗೆ ಮೂರು ಸಲ ಹೇಳಿದೆ.

“ಅವರ ಮುಂದೆ ಹೋಗಿ ಕಾಗದ ಹಿಡೀಲಾ? ಯಾವಾಗ ಸಾಯ್ತೀರಿ ಅಂತ ಕೇಳಿದ ಹಾಗಲ್ವಾ ಅಕ್ಕ?”

ನಾಲ್ಕನೇ ಸಲ ನಾನು ಹೇಳಲಿಲ್ಲ. ಆ ನಾಚಿಕೆ ನನಗೂ ಇತ್ತು.

ಈಗ ಎಲ್ಲವೂ ಅಜ್ಜಿಯ ಉಳಿದೊಬ್ಬ ಮಗ ಕುಬಾತನದು. ಸಾವಿನ ನಲವತ್ತನೇ ದಿನದ ಊಟ ಮುಗಿದ ಮೇಲೆ ಮಷೀನುಗಳನ್ನು ಮಾರುತ್ತಾನಂತೆ.

ಕಳ್ಳ ಸಹಿ ಹಾಕಲಾರೆ ಎಂದು ಅವಳನ್ನು ಕಳಿಸಿದೆ. ಆಮೇಲೆ ಏಳು ವರ್ಷದ ಚೀಟಿಗಳನ್ನು ಮೇಜಿನ ಮೇಲೆ ಸುರಿದುಕೊಂಡು ಕೂತಾಗ ಒಂದು ದಾರಿ ಕಂಡಿತು. ಅಷ್ಟೂ ವರ್ಷ ಅನಾರ್ಕಾನ್ ಸಂಬಳವೆಂದು ಒಂದು ಸೋಮ್ ಹಣವನ್ನೂ ತೆಗೆದುಕೊಂಡಿರಲಿಲ್ಲ. ಕಾರ್ಖಾನೆ ಅಜ್ಜಿಯದಾದರೆ ಆ ಬಾಕಿಯೂ ಅಜ್ಜಿಯದೇ. ಮಣ್ಣು ಮಾಡುವ ಮೊದಲು ಕುಬಾತ್ ನಮ್ಮ ರೂಢಿಯಂತೆ ಜನರೆದುರು ಕೂಗಿ ಹೇಳಿದ್ದ: ನನ್ನ ತಾಯಿ ಯಾರಿಗಾದರೂ ಕೊಡಬೇಕಿದ್ದರೆ ನನ್ನನ್ನು ಕೇಳಿ.

ನಲವತ್ತನೇ ದಿನ ಹಿರಿಯರು ಕೂತ ಸಾಲಿನ ಮುಂದೆ ಆ ಬಾಕಿ ಸಂಬಳದ ಪಟ್ಟಿ ಇಟ್ಟೆ. ಸಂಬಳ ಬೇಡ, ಮಷೀನು ಬಿಟ್ಟುಕೊಟ್ಟರೆ ಸಾಕು ಎಂದೆ.

“ಅಕ್ಕಾ, ಸತ್ತೋರ ಮನೆಗೂ ಲೆಕ್ಕದ ಪುಸ್ತಕ ಹೊತ್ಕೊಂಡು ಬಂದ್ರಾ? ಊಟ ಮಾಡಿ, ಹೊರಡಿ,” ಎಂದ ಕುಬಾತ್.

ಬಿಳಿ ಗಡ್ಡದ ಹಿರಿಯರೊಬ್ಬರು ತಡೆದರು. “ಮಾತು ಕೊಟ್ಟಿದ್ದೀಯ ಮಗಾ. ಸೊಸೇನ ಕರಿ. ಅವಳ ಬಾಯಿಂದಲೇ ಕೇಳೋಣ.”

ಗೆದ್ದೆವು ಅಂದುಕೊಂಡೆ.

ಪಾತ್ರೆ ತೊಳೆಯುತ್ತಿದ್ದ ಅನಾರ್ಕಾನ್ ಒದ್ದೆ ತೋಳುಗಳಲ್ಲೇ ಬಂದು ಹೊಸ್ತಿಲ ಬಳಿ ತಲೆ ಬಗ್ಗಿಸಿ ನಿಂತಳು.

“ಹೇಳು ಮಗಳೇ,” ಎಂದರು ಆ ಹಿರಿಯರು, “ಬಾತ್ಮಾ ನಿನಗೇನಾದ್ರೂ ಕೊಡಬೇಕಿತ್ತಾ? ಬಾಕಿ ಇಟ್ಟು ಹೋದೋರಿಗೆ ಮಣ್ಣಲ್ಲಿ ನೆಮ್ಮದಿ ಇರಲ್ಲ. ಅದನ್ನ ಮನಸ್ಸಲ್ಲಿಟ್ಕೊಂಡು ಹೇಳು.”

ಅವಳು ನನ್ನ ಪಟ್ಟಿಯನ್ನು ನೋಡಿದಳು. ಹೂಂ ಅನ್ನು ಎಂದು ತುಟಿಯಾಡಿಸಿದೆ.

“ಇಲ್ಲ. ಅಮ್ಮ ನನಗೇನೂ ಕೊಡಬೇಕಿರಲಿಲ್ಲ.”

ಮಾತು ಮುಗಿಯಿತೆಂದು ಹಿರಿಯರು ಪ್ರಾರ್ಥನೆ ಮುಗಿಸುವ ಹಾಗೆ ಅಂಗೈಗಳಿಂದ ಮುಖ ಸವರಿಕೊಂಡರು. ಕುಬಾತ್ ಪಟ್ಟಿಯನ್ನು ಮಡಿಸಿ ಮರ್ಯಾದೆಯಿಂದಲೇ ನನ್ನ ಕೈಗಿಟ್ಟ.

ಅಂಗಳದಲ್ಲಿ ಅವಳು ಮಾಂಸ ಬೇಯಿಸಿದ ಹಂಡೆ ಉಜ್ಜುತ್ತಿದ್ದಳು.

“ಏನು ಮಾಡ್ಕೊಂಡೆ ಹುಡುಗಿ?”

“ಹೌದು ಅಂದಿದ್ರೆ ಅಮ್ಮ ಅಲ್ಲಿ ಹೇಗೆ ಮಲಗ್ತಿದ್ರು ಅಕ್ಕ?” ತಲೆ ಎತ್ತದೆ ಉಜ್ಜಿದಳು. “ನಾಳೆ ಒಂಬತ್ತು ಜನ ಕೆಲಸಕ್ಕೆ ಬರ್ತಾರೆ. ಬಾಗಿಲಲ್ಲಿ ನಿಲ್ಲಿಸಿ ಏನು ಹೇಳ್ಲಿ? ನೀವೇ ಹೇಳಿಕೊಡಿ.”

ಬೂದಿ ಹಿಡಿದ ಇನ್ನೊಂದು ಬಟ್ಟೆ ತೆಗೆದುಕೊಂಡು, ಹಂಡೆಯ ಆ ಬದಿಗೆ ಕೂತು ಉಜ್ಜತೊಡಗಿದೆ.