ಕೂದಲು ಒಗ್ಗದ ಅಳಿಯ

"ಎಷ್ಟು ಹೊತ್ತೋ ಬೋಳಿಮಗನೆ! ಒಳಗೆ ನಿದ್ದೆ ಹೊಡೀತಿದೀಯಾ?"

ಬಯ್ಯುತ್ತಿದ್ದವನು ಮ್ಯಾನೇಜರ್. ಬೈಸಿಕೊಳ್ಳುತ್ತಿದ್ದವನು ನನ್ನ ಭಾವ. ಅವನು ಗುಂಡಿಯೊಳಗೆ ಎದೆಮಟ್ಟದ ಕೊಚ್ಚೆಯಲ್ಲಿ ನಿಂತು, ಪಂಪಿನ ಬಾಯಿಗೆ ಕಟ್ಟಿದ ಬಲೆಯಿಂದ ಕೂದಲು ಕೀಳುತ್ತಿದ್ದ. ನಾವು ಮೂವರು ಮೇಲೆ ಹಗ್ಗ ಹಿಡಿದಿದ್ದೆವು. ಮ್ಯಾನೇಜರ್ ಮೈತುಂಬ ಸೆಂಟು ಸುರಿದುಕೊಂಡು ಬರುತ್ತಾನೆ. ನಾವು ಅವನನ್ನು ಅತ್ತರು ಅನ್ನುತ್ತೇವೆ, ಅರ್ಧ ಕೇಳಿಸುವ ಹಾಗೆ.

ಭಾವನನ್ನು ಎಳೆದು ಹಾಕಿದೆವು. ಕಣ್ಣು ಕೆಂಡ, ತುಟಿ ನೀಲಿ. ಮಂಡಿಯೂರಿ ವಾಂತಿ ಮಾಡಿಕೊಂಡ.

"ಕಕ್ಕೋದಾದ್ರೆ ಆಚೆ ಹೋಗಿ ಕಕ್ಕೋ. ಈಗಷ್ಟೇ ನೆಲ ತೊಳೆಸಿದೀನಿ," ಅಂದ ಅತ್ತರು.

ನೆಲ ತೊಳೆದವನೂ ಭಾವನೇ.

ನಮ್ಮದು ಚರ್ಮ ಹದ ಮಾಡುವ ಕಾರ್ಖಾನೆ. ತೊಗಲಿನ ಕೂದಲು, ಕೊಬ್ಬು, ಮಾಂಸದ ಚೂರು ಎಲ್ಲ ಹರಿದು ಆ ಗುಂಡಿಗೇ ಸೇರುತ್ತದೆ. ಮೊದಲು ತಿಂಗಳಿಗೊಮ್ಮೆ ಇಳಿದು ಬಾಚುತ್ತಿದ್ದೆವು. ಆಮೇಲೆ ಮಿಷನ್ ಬಂತು. ದೊಡ್ಡ ತೊಟ್ಟಿ, ಒಳಗೆ ಅಡಿಗೆಮನೆಯ ಸ್ಟ್ಯಾಂಡಿನಲ್ಲಿ ತಟ್ಟೆ ಜೋಡಿಸಿದ ಹಾಗೆ ನಲವತ್ತು ಲೋಹದ ಹಲಗೆ. ಗುಂಡಿಯ ನೀರು ತುಂಬಿ, ಉಪ್ಪು ಹಾಕಿ, ಕರೆಂಟ್ ಬಿಟ್ಟರೆ ಬುಳುಬುಳು ಗುಳ್ಳೆ. ಹೊಲಸು ಬೆಂಕಿಯಿಲ್ಲದೆ ಉರಿದು ಹೋಗುತ್ತದೆ. ಸುಳ್ಳಲ್ಲ, ನಾನೇ ಕಂಡಿದ್ದೇನೆ: ಬೆಳಿಗ್ಗೆ ಕಾಡಿಗೆಯಂತಿದ್ದ ನೀರು ಮಧ್ಯಾಹ್ನಕ್ಕೆ ಕನ್ನಡಿ.

"ಇನ್ಮೇಲೆ ನಿಮ್ಮ ಕಷ್ಟ ಮುಗೀತು ಕಣ್ರೋ," ಅಂದಿದ್ದ ಅತ್ತರು, ಮಿಷನ್ನಿಗೆ ಹಾರ ಹಾಕಿ.

ಹಲಗೆಗಳನ್ನು ಆಸಿಡ್ಡಿನಲ್ಲಿ ಉಜ್ಜುವ ಚಿಕ್ಕಮ್ಮನಿಗೆ ಬೆರಳ ತುದಿಯಲ್ಲಿ ಚರ್ಮ ನಿಲ್ಲುವುದಿಲ್ಲ, ಬಾಯಿಯಲ್ಲಿ ಮಾತು ನಿಲ್ಲುವುದಿಲ್ಲ. ಅವಳೇ ಮಿಷನ್ನಿಗೆ ಹೆಸರಿಟ್ಟಳು: ಅಳಿಯ. "ಹೊತ್ತೊತ್ತಿಗೆ ಊಟ ಬೇಕು, ಉಪ್ಪು ಹದವಾಗಿರ್ಬೇಕು, ಊಟದಲ್ಲಿ ಒಂದು ಕೂದ್ಲು ಸಿಕ್ಲಿ, ಮುಖ ಊದಿಸ್ಕೊಂಡು ಕೂತ!"

ಕೂದಲೇ ಕಂಟಕ. ಹಲಗೆಗಳ ಸಂದಿಗೆ ಕೂದಲು ಸಿಕ್ಕರೆ ಅಳಿಯ ಕೆಡುತ್ತಾನೆ. ಅದಕ್ಕೇ ಪಂಪಿಗೆ ಬಲೆ. ಬಲೆ ಮೂರು ದಿನಕ್ಕೆ ಕಟ್ಟಿಕೊಳ್ಳುತ್ತದೆ. ತಿಂಗಳಿಗೊಮ್ಮೆ ಇಳಿಯುತ್ತಿದ್ದವರು ಮೂರು ದಿನಕ್ಕೊಮ್ಮೆ ಇಳಿಯತೊಡಗಿದೆವು.

"ಬಲೆ ಮೇಲೆತ್ತೋಕೆ ಒಂದು ರಾಟೆ ಹಾಕ್ಸಿ ಸಾರ್," ಅಂತ ಕೇಳಿದ್ದೆ.

"ನೀವಿದೀರಲ್ಲೋ, ರಾಟೆ ಯಾಕೆ?"

ಆ ದಿನ ಡಾಕ್ಟರು ಭಾವನ ಎದೆಗೆ ಕಿವಿಗೊಟ್ಟು, ಇನ್ನೊಂದು ಸಲ ಇಳಿದರೆ ಮೇಲೆ ಬರುವುದು ಹೆಣವೇ ಅಂದರು. ಮುಂದಿನ ಸರದಿ ನನ್ನದು. ರಾತ್ರಿ ಊಟಕ್ಕೆ ಕೂತಾಗ ಅಕ್ಕ ತಟ್ಟೆಯನ್ನು ನನ್ನ ಮುಂದೆ ಕುಕ್ಕಿದಳು.

"ಇವರು ಇಳಿದ್ರೆ ಮಾಂಗಲ್ಯ ಹೋಗುತ್ತೆ. ನೀನು ಇಳಿದ್ರೆ ತಮ್ಮ ಹೋಗ್ತಾನೆ. ಇಬ್ಬರಲ್ಲಿ ಯಾರು ಇಳಿದ್ರೂ ಈ ಮನೆ ಹೊಸ್ತಿಲು ತುಳೀಬೇಡಿ."

ಮೂರನೇ ದಿನ ಮಾಲಿನ್ಯ ಮಂಡಳಿಯಿಂದ ತಪಾಸಣೆಗೆ ಸಾಹೇಬರು ಬಂದರು. ಮೂಗಿಗೆ ಕರವಸ್ತ್ರ, ಕಂಕುಳಲ್ಲಿ ಫೈಲು. ಅತ್ತರು ಅವರ ಸುತ್ತ ಬುಗುರಿಯಂತೆ ತಿರುಗುತ್ತಿದ್ದ.

"ಗುಂಡಿಗೆ ಮನುಷ್ಯರನ್ನ ಇಳಿಸ್ತೀರಾ?"

"ಛೆ ಛೆ! ಮಿಷನ್ನೇ ಎಲ್ಲಾ ತಿಂದು ಹಾಕುತ್ತೆ ಸಾರ್. ಮನುಷ್ಯರು ಹತ್ತಿರಾನೂ ಸುಳಿಯಲ್ಲ."

"ಬರೆದು ಸಹಿ ಹಾಕಿ."

ಬರೆದ. ಸಹಿ ಹಾಕಿದ, ಕೆಳಗೆ ಎರಡು ಗೆರೆ ಬೇರೆ ಎಳೆದ.

"ಸರಿ, ಮಿಷನ್ ನಡೆಸಿ. ಹೊರಗೆ ಬರೋ ನೀರು ಒಂದು ಬಾಟಲಿ ಕೊಡಿ, ಹೊರಡ್ತೀನಿ."

ಸ್ವಿಚ್ ಒತ್ತಿದರು. ಪಂಪು ಎರಡು ಸಲ ಗೊರಕೆ ಹೊಡೆದು ನಿಂತಿತು. ತೊಟ್ಟಿಗೆ ತೊಟ್ಟು ನೀರು ಬರಲಿಲ್ಲ. ಬಲೆ ಕಟ್ಟಿಕೊಂಡಿತ್ತು. ಮೂರನೇ ದಿನವಲ್ಲವೇ?

ಅತ್ತರು ನನ್ನತ್ತ ಕಣ್ಣು ಹೊಡೆದ. ನಾನೂ ಕಣ್ಣು ಹೊಡೆದೆ.

ಹತ್ತಿರ ಬಂದು ಹಲ್ಲು ಕಚ್ಚಿದ. "ಇಳಿಯೋ ಸೂಳೆಮಗನೆ. ಸಾಹೇಬ್ರಿಗೆ ಆಫೀಸಲ್ಲಿ ಟೀ ಕೊಡಿಸ್ತೀನಿ, ಅಷ್ಟರಲ್ಲಿ ಇಳಿದು ಹತ್ತು."

"ಎಲ್ಲಿಗೆ ಇಳೀಬೇಕು ಸಾರ್?" ನಾನು ಗಂಟಲು ಹರಿಯುವಂತೆ ಕೇಳಿದೆ. "ಗುಂಡಿಗಾ?"

ಸಾಹೇಬರು ತಿರುಗಿದರು. ನಾನು ಹೋಗಿ, ಫೈಲಿನ ಮೇಲೆ ಇನ್ನೂ ಮಸಿ ಆರದಿದ್ದ ಕಾಗದಕ್ಕೆ ಕತ್ತು ಚಾಚಿದೆ. ಐದನೇ ಕ್ಲಾಸಿಗೆ ಬಿಟ್ಟ ಓದು. ಬೆರಳಿಟ್ಟು, ಒಂದೊಂದೇ ಮಾತಿಗೆ ನಿಂತು, ಎಲ್ಲರಿಗೂ ಕೇಳುವಂತೆ ಓದಿದೆ. "ಗುಂಡಿಗೆ... ಮನುಷ್ಯರು ಯಾರೂ... ಇಳಿಯುವುದಿಲ್ಲ. ನಿಮ್ಮದೇ ಸಹಿ ಅಲ್ವಾ ಸಾರ್? ಈಗ ನಾನು ಇಳಿದ್ರೆ ಒಂದೋ ಈ ಕಾಗದ ಸುಳ್ಳು, ಇಲ್ಲಾ ನಾನು ಮನುಷ್ಯ ಅಲ್ಲ. ಯಾವುದು ಅಂತ ಸಾಹೇಬ್ರ ಮುಂದೆ ಹೇಳ್ಬಿಡಿ."

ಚಿಕ್ಕಮ್ಮ ಕಿಸಕ್ಕನೆ ನಕ್ಕಳು. ಆಮೇಲೆ ತೊಗಲು ಕೆರೆಯುವವರು, ಡ್ರಮ್ಮು ತಿರುಗಿಸುವವರು, ಸಾಲಿಗೆ ಸಾಲೇ ನಕ್ಕಿತು.

"ನಗ್ತೀರೇನ್ರೋ! ನಾಳೆಯಿಂದ ಒಬ್ಬೊಬ್ಬನ ಗೇಟ್‌ಪಾಸೂ ಕಿತ್ಕೋತೀನಿ!"

ಆಗ ಗೋಡೆಗೊರಗಿದ್ದ ಭಾವ ಎದ್ದು ಬಂದ. ಕೆಮ್ಮುತ್ತಲೇ ಬಗ್ಗಿ ಗುಂಡಿಯ ಕಬ್ಬಿಣದ ಮುಚ್ಚಳಕ್ಕೆ ಕೈಹಾಕಿದ. ನಾನು ಇನ್ನೊಂದು ಬದಿ ಹಿಡಿದೆ. ಕಿರ್ರೋ ಅನ್ನಿಸುತ್ತ ಎಳೆದು ಮುಚ್ಚಿದೆವು. ಭಾವ ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಪಕ್ಕದಲ್ಲಿ ನಾನು, ನನ್ನ ಪಕ್ಕ ಚಿಕ್ಕಮ್ಮ. ಜಾಗ ಸಾಲದೆ ಉಳಿದವರು ಸುತ್ತ ಕೂತರು.

ಸಾಹೇಬರಿಗೆ ನಮ್ಮ ಮೇಲೆ ಅಕ್ಕರೆಯೇನೂ ಇರಲಿಲ್ಲ. ಅವರಿಗೆ ಬೇಕಿದ್ದದ್ದು ಆ ನೀರಿನ ಬಾಟಲಿ. ಗಡಿಯಾರ ನೋಡಿದರು, ಪೆನ್ನು ತೆಗೆದರು.

"ಏನು ಬರ್ಕೊಳ್ಳಲಿ ಹೇಳ್ರಿ. ಇಳೀತಾರಾ, ಇಳಿಯಲ್ವಾ?"

ಅತ್ತರು ಒಮ್ಮೆ ಮುಚ್ಚಳ ನೋಡಿದ, ಒಮ್ಮೆ ತನ್ನ ಸಹಿ ನೋಡಿದ.

"ನಿಧಾನಕ್ಕೆ ಯೋಚ್ನೆ ಮಾಡಿ ಸಾರ್," ಅಂದಳು ಚಿಕ್ಕಮ್ಮ, ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ. "ನಮಗೇನು ಅರ್ಜೆಂಟಿಲ್ಲ."

ಮುಚ್ಚಳ ಬಿಸಿಲಿಗೆ ಕಾದು ಕುಂಡಿ ಸುಡುತ್ತಿತ್ತು. ಯಾರೂ ಏಳಲಿಲ್ಲ.